ಎಲಿವೇಶನ್ ನೋಡಿ ಸಹಿ ಹಾಕಬೇಡಿ

ಕಾರವಾರ, ಕುಮಟಾ, ಶಿರಸಿ ಪೇಟೆಗಳ ನಟ್ಟನಡುವೆ ಹಳೆಯ ಮನೆ-ಅಂಗಡಿಗಳನ್ನು ಕೆಡವಿ ಕಟ್ಟುತ್ತಿರುವ ಸಂಕೀರ್ಣಗಳನ್ನು ನೋಡಿದರೆ ಬೇಸರವಾಗುತ್ತದೆ. ಕೆಳಗೆ ಅಂಗಡಿ, ನಡುವೆ ಕಚೇರಿ, ಮೇಲೆ ಫ್ಲ್ಯಾಟು ಎಂಬ ಜೋಡಣೆಯ ಬಗ್ಗೆ ನಮ್ಮ ತಕರಾರಿಲ್ಲ. ಪೇಟೆಯಲ್ಲಿ ಜನ ವಾಸವಿರಬೇಕು. ಅಂಗಡಿ ಮುಚ್ಚಿದ ಮೇಲೂ ಮಹಡಿಯ ಕಿಟಕಿಗಳಲ್ಲಿ ದೀಪ ಉರಿಯಬೇಕು. ಬೇಸರ ಆ ಕಟ್ಟಡಗಳ ಮುಖದ ಬಗ್ಗೆ, ಆ ಮುಖದ ಹಿಂದಿರುವ ಉದಾಸೀನದ ಬಗ್ಗೆ. ಬೂದು ಮತ್ತು ಕಿತ್ತಳೆ ಬಣ್ಣದ ಎಸಿಪಿ (ಅಲ್ಯೂಮಿನಿಯಂ-ಪ್ಲಾಸ್ಟಿಕ್) ಹಾಳೆ, ನೀಲಿ ಗಾಜಿನ ಒಂದು ಪಟ್ಟಿ, ಕೆಳಗೆ ಸಾಲು ಶಟರು, ಅದರ ಮೇಲೆ ಒಂದಕ್ಕಿಂತ ಒಂದು ದೊಡ್ಡ ಬೋರ್ಡು. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಸುರಿಯುವ ಕಾರವಾರಕ್ಕೂ, ಅದರ ಮೂರನೇ ಒಂದು ಪಾಲೂ ಬೀಳದ ಹುಬ್ಬಳ್ಳಿಗೂ ಒಂದೇ ನಕ್ಷೆ.

ಇದನ್ನು ಇಷ್ಟು ದೂರದ ಸುದ್ದಿಪತ್ರದಲ್ಲಿ ಬರೆಯಲು ಕಾರಣವಿದೆ. ಇಂಥ ನಿವೇಶನಗಳಲ್ಲಿ ಬಹಳಷ್ಟು ಕಡೆ ಅಜ್ಜನ ಕಾಲದ ಪೇಟೆಮನೆ ಇತ್ತು, ಈಗ ಅದಕ್ಕೆ ನಾಲ್ಕಾರು ಪಾಲುದಾರರು, ಅವರಲ್ಲಿ ಒಬ್ಬರೋ ಇಬ್ಬರೋ ನಮ್ಮಂತೆ ಹೊರದೇಶದಲ್ಲಿರುತ್ತಾರೆ. ಊರಿನಿಂದ ಅಣ್ಣನೋ ಚಿಕ್ಕಪ್ಪನೋ ವಾಟ್ಸಾಪಿನಲ್ಲಿ ಎಲಿವೇಶನ್, ಅಂದರೆ ಕಟ್ಟಡದ ಮುಖದ ಬಣ್ಣದ ತ್ರೀಡಿ ಚಿತ್ರ ಕಳಿಸುತ್ತಾರೆ. ಚಿತ್ರದಲ್ಲಿ ಆಕಾಶ ನೀಲಿ, ರಸ್ತೆ ಖಾಲಿ, ಮಳೆ ಇಲ್ಲ. ‘ಚೊಲೋ ಇದ್ದು’ ಎಂದು ಉತ್ತರ ಹೋಗುತ್ತದೆ, ಹಿಂದೆಯೇ ಜಂಟಿ ಅಭಿವೃದ್ಧಿ ಕರಾರಿನ (ಜಾಗ ನಮ್ಮದು, ಕಟ್ಟುವುದು ಬಿಲ್ಡರು, ಕಟ್ಟಡದಲ್ಲಿ ಇಬ್ಬರಿಗೂ ಪಾಲು) ಕರಡು ಮತ್ತು ಮುಖ್ತ್ಯಾರ ಪತ್ರ (ನಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಕೊಡುವ ಕಾಗದ) ಬರುತ್ತವೆ. ಊರಿನ ಪೇಟೆ ಹೇಗೆ ಕಾಣಬೇಕೆಂಬುದು ಆ ಕಾಗದಗಳಲ್ಲಿಯೇ ನಿರ್ಧಾರವಾಗುತ್ತಿದೆ, ಮತ್ತು ಆ ಕಾಗದಗಳಿಗೆ ನಮ್ಮ ಸಹಿ ಬೇಕು.

ನಾವಿರುವ ಅಮೆರಿಕದ ಊರುಗಳ ಡೌನ್‌ಟೌನಿನಲ್ಲೂ ಇದೇ ದೂರಿದೆ. ಇಲ್ಲಿ ಕಾರಣ ಬೇರೆ. ಕೆಳಗೆ ಕಾಂಕ್ರೀಟಿನ ಒಂದು ಮಹಡಿ, ಅದರ ಮೇಲೆ ಮರದ ಚೌಕಟ್ಟಿನ ನಾಲ್ಕೈದು ಮಹಡಿ ಕಟ್ಟುವುದು ಅಗ್ಗ. ಕಟ್ಟಡ ಸಂಹಿತೆ ಅದಕ್ಕೆ ಅವಕಾಶ ಕೊಟ್ಟಿದೆ. ಮೂರು ಮಹಡಿ ಮೀರಿದ ವಸತಿ ಕಟ್ಟಡಕ್ಕೆ ಹೆಚ್ಚಿನ ಕಡೆ ಎರಡು ಮೆಟ್ಟಿಲುದಾರಿ ಬೇಕೇಬೇಕು. ಹಾಗಾಗಿ ನಡುವೆ ಅವೆರಡನ್ನು ಸೇರಿಸುವ ಉದ್ದನೆಯ ಕಾರಿಡಾರು, ಎರಡೂ ಬದಿಗೆ ಮನೆ, ಇಡೀ ಬೀದಿಯಷ್ಟು ಉದ್ದದ ಕಟ್ಟಡ. ಅಷ್ಟುದ್ದದ ಗೋಡೆ ಏಕತಾನವಾಗಬಾರದೆಂದು ನಗರಾಡಳಿತ ಹೇಳಿದಾಗ ಇಪ್ಪತ್ತು-ಮೂವತ್ತು ಅಡಿಗೊಮ್ಮೆ ಹಾಳೆಯ ಬಣ್ಣ ಬದಲಿಸುತ್ತಾರೆ. ಈ ಮರದ ಚೌಕಟ್ಟೂ ಇಲ್ಲದ, ಸಣ್ಣ ಕಟ್ಟಡಕ್ಕೆ ಸಾಮಾನ್ಯವಾಗಿ ಒಂದೇ ಮೆಟ್ಟಿಲುದಾರಿ ಸಾಕಾಗುವ ನಮ್ಮ ಪೇಟೆಗಳಿಗೆ ಆ ತೇಪೆಬಣ್ಣ ಮಾತ್ರ ಬಂದು ಸೇರಿದ್ದು ನೋವಿನ ಸಂಗತಿ.

ಅಂಗಡಿ ಮತ್ತು ಮನೆ ಒಂದೇ ಸೂರಿನಡಿ ಇರುವುದು ನಮ್ಮಲ್ಲಿ ಹೊಸದೇನಲ್ಲ. ಗೋಕರ್ಣದ ರಥಬೀದಿಯಲ್ಲಿ, ಧಾರವಾಡ ಸೀಮೆಯ ಹತ್ತಿ ಹಡಗೇರುತ್ತಿದ್ದ ಕಾಲದ ಕುಮಟಾ ಪೇಟೆಯಲ್ಲಿ, ಶಿರಸಿಯ ಹಳೆಯ ಗಲ್ಲಿಗಳಲ್ಲಿ ಮನೆಯ ಮುಖ ಕಿರಿದು, ಆಳ ಅದರ ನಾಲ್ಕೈದು ಪಟ್ಟು. ಮುಂದೆ ಜಗುಲಿ, ಹಲಗೆ ಜೋಡಿಸಿ ಮುಚ್ಚುವ ಅಂಗಡಿ, ಮೇಲೆ ಮೆತ್ತು (ಮಹಡಿ), ನಡುವೆ ಬೆಳಕಿಗೊಂದು ಅಂಗಳ, ಹಿಂದೆ ಬಾವಿ. ಚಿರೇಕಲ್ಲಿನ ದಪ್ಪ ಗೋಡೆಗೆ ಸುಣ್ಣದ ಗಾರೆ. ಮಾಡು, ಅಂದರೆ ಇಳಿಜಾರು ಛಾವಣಿ, ಗೋಡೆಯನ್ನು ದಾಟಿ ಎರಡು-ಮೂರು ಅಡಿ ಮುಂದೆ ಚಾಚುತ್ತಿತ್ತು. ಸಂತೆಗೆ ಬಂದವರು ಆಷಾಢದಲ್ಲೂ ಜಗುಲಿಯಿಂದ ಜಗುಲಿಗೆ ಸೂರಿನಡಿಯಲ್ಲೇ ಸಾಗಬಹುದಿತ್ತು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕಾರ್ಖಾನೆಯ ಹೆಂಚು ಕರಾವಳಿಯುದ್ದಕ್ಕೂ ಹಬ್ಬಿತು. ಆಗ ಅದೂ ಹೊಸ ಸಾಮಗ್ರಿಯೇ. ಆದರೆ ನಮ್ಮ ಬಡಗಿಗಳು ಅದನ್ನು ತಮ್ಮ ಪಕಾಸು-ರೀಪುಗಳಿಗೆ (ಹೆಂಚು ಹೊರುವ ಮರದ ಪಟ್ಟಿಗಳಿಗೆ) ಒಗ್ಗಿಸಿಕೊಂಡರು, ಮಾಡಿನ ಇಳಿಜಾರು ಬಿಡಲಿಲ್ಲ. ಕಾಂಕ್ರೀಟು ಬಂದಾಗ ಆ ಒಗ್ಗಿಸುವ ಕೆಲಸ ನಡೆಯಲೇ ಇಲ್ಲ.

ಅದರ ಪರಿಣಾಮ ಎರಡೇ ಮಳೆಗಾಲದಲ್ಲಿ ಗೋಡೆಯ ಮೇಲೆ ಕಾಣುತ್ತದೆ. ಚಪ್ಪಟೆ ಮುಖದಲ್ಲಿ ನೀರನ್ನು ಹೊರಕ್ಕೆ ಎಸೆಯುವ ಅಂಚು ಇರುವುದಿಲ್ಲ. ತಾರಸಿಯ ಪ್ಯಾರಾಪೆಟ್ಟಿನ (ಅಂಚುಗೋಡೆಯ) ಧೂಳು ತೊಳೆದ ನೀರು ಗೋಡೆಗುಂಟ ಇಳಿದು ಕಪ್ಪು ಗೆರೆ ಎಳೆಯುತ್ತದೆ, ಗೆರೆಯಲ್ಲಿ ಪಾಚಿ ಹಿಡಿಯುತ್ತದೆ. ಕಿಟಕಿಯ ಮೇಲೆ ಚಾಚುವ ಸಜ್ಜೆ ಒಂದೂವರೆ ಅಡಿ ಇರುತ್ತದೆ. ಗಾಳಿಮಳೆ 45 ಡಿಗ್ರಿಯಲ್ಲಿ ಎರಚಿದರೆ ಒಂದೂವರೆ ಅಡಿ ಸಜ್ಜೆ ಒಂದೂವರೆ ಅಡಿ ಎತ್ತರವನ್ನಷ್ಟೇ ಕಾಯುತ್ತದೆ; ನಾಲ್ಕೂವರೆ ಅಡಿ ಕಿಟಕಿಯ ಮೂರನೇ ಎರಡು ಪಾಲು ತೋಯುತ್ತದೆ. ಅಲ್ಲಿರುವುದು ಜಾರುವ ಅಲ್ಯೂಮಿನಿಯಂ ಕಿಟಕಿ. ಅದರ ಕೆಳಗಿನ ಹಳಿಯಲ್ಲಿ ನೀರು ತುಂಬಿ ಒಳಗೆ ಉಕ್ಕುತ್ತದೆ. ಮುಚ್ಚಿಟ್ಟರೆ ಗಾಳಿ ಇಲ್ಲ, ತೆರೆದರೂ ಅರ್ಧವೇ ತೆರೆಯುತ್ತದೆ. ಜುಲೈ ತಿಂಗಳಲ್ಲಿ ಒಳಗೋಡೆಗೆ ಬೂಸ್ಟು ಹಿಡಿಯಲು ಇಷ್ಟು ಸಾಕು.

ಎಸಿಪಿ ಎಂದರೆ ಎರಡು ತೆಳು ಅಲ್ಯೂಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್ ತಿರುಳಿರುವ ಹಾಳೆ. ಕಟ್ಟಡದ ಮುಖಕ್ಕೆ ಬಳಸುವುದು ಸಾಮಾನ್ಯವಾಗಿ 4 ಮಿ.ಮೀ. ದಪ್ಪದ್ದು. ಹಾಳೆ ಬೇಗ ಹಾಳಾಗುವುದಿಲ್ಲ. ಹಾಳಾಗುವುದು ಸಂದಿಗೆ ತುಂಬಿದ ಸಿಲಿಕೋನು ಮತ್ತು ಹಿಂದಿನ ಕಬ್ಬಿಣದ ಚೌಕಟ್ಟು. ಬಿಸಿಲಿಗೆ ಸಿಲಿಕೋನು ಬಿರಿದರೆ ನೀರು ಹಿಂದಕ್ಕೆ ಹೋಗುತ್ತದೆ, ಹೊರಬರಲು ದಾರಿ ಇಲ್ಲ, ಉಪ್ಪುಗಾಳಿಯಲ್ಲಿ ಚೌಕಟ್ಟು ತುಕ್ಕು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಇನ್ನು ಬೆಂಕಿಯ ಮಾತು: 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಜನ ಸತ್ತಾಗ ಬೆಂಕಿ ಮೇಲಕ್ಕೆ ಹಬ್ಬಲು ಮುಖ್ಯ ಕಾರಣವಾದದ್ದು ಪಾಲಿಎಥಿಲೀನ್ ತಿರುಳಿನ ಇಂಥ ಹಾಳೆ. ಕೆಳಗೆ ಬಟ್ಟೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಕ್ಕೆ ಅದು ಬೇಡವೇ ಬೇಡ.

ತಾರಸಿಯ ಕತೆ ಇನ್ನೂ ಸ್ಪಷ್ಟ. 500 ಚದರ ಮೀಟರ್ ತಾರಸಿಯ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಅದು 50,000 ಲೀಟರ್ ನೀರು. ನಮ್ಮಲ್ಲಿ ಆಷಾಢದ ಒಂದೇ ದಿನಕ್ಕೆ ಅಷ್ಟು ಬೀಳುವುದುಂಟು. ಅಷ್ಟೂ ನೀರು ನಾಲ್ಕು ಪೈಪುಗಳಲ್ಲಿ ಇಳಿಯಬೇಕು; ಒಂದಕ್ಕೆ ಎಲೆ ಸಿಕ್ಕಿಕೊಂಡರೆ ಮೂಲೆಯಲ್ಲಿ ಕೆರೆ. ಇಳಿಜಾರು ನೂರಕ್ಕೆ ಒಂದಕ್ಕಿಂತ ಕಡಿಮೆಯಾದರೆ, ಪ್ಯಾರಾಪೆಟ್ಟಿನ ಬುಡದಲ್ಲಿ ದುಂಡಗೆ ಗಾರೆ ಕಟ್ಟದಿದ್ದರೆ ಕೆಲವೇ ವರ್ಷದಲ್ಲಿ ಸೋರಿಕೆ ಶುರು. ಆಗ ನಿವಾಸಿಗಳೇ ದುಡ್ಡು ಹಾಕಿ ಕಬ್ಬಿಣದ ಟ್ರಸ್ (ಮಾಡು ಹೊರುವ ಚೌಕಟ್ಟು) ನಿಲ್ಲಿಸಿ ನೀಲಿ ಶೀಟು ಹೊದಿಸುತ್ತಾರೆ. ಕಾರವಾರದಿಂದ ಭಟ್ಕಳದವರೆಗೆ ಮೇಲಿನಿಂದ ನೋಡಿದರೆ ಕಾಣುವುದು ಈ ಶೀಟುಗಳೇ. ನಕ್ಷೆಯಲ್ಲಿ ಬೇಡವೆಂದ ಮಾಡನ್ನು ಮಳೆಯೇ ಕಟ್ಟಿಸಿಕೊಳ್ಳುತ್ತದೆ, ಆದರೆ ಯಾರೂ ವಿನ್ಯಾಸ ಮಾಡದ ರೂಪದಲ್ಲಿ.

ಮೊದಲೇ ಮಾಡು ಹಾಕಿಸುವುದಾದರೆ ತೂಕದ ಲೆಕ್ಕ ಮೊದಲೇ ಆಗಬೇಕು. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಬೇಕು, ಒಂದೊಂದು ಎರಡೂವರೆಯಿಂದ ಮೂರು ಕಿಲೋ. ಅಂದರೆ ಚದರ ಮೀಟರಿಗೆ 40 ಕಿಲೋ ಆಸುಪಾಸು. ಶೀಟಿನದು ಐದಾರು ಕಿಲೋ. ಕಂಬ, ತೊಲೆಗಳ ವಿನ್ಯಾಸದಲ್ಲಿ ಇದು ಸೇರಿರದಿದ್ದರೆ ಆಮೇಲೆ ಹೆಂಚು ಹೊದಿಸಲಾಗದು, ಶೀಟೇ ಗತಿ. ಇಳಿಜಾರು 30 ಡಿಗ್ರಿ ಆಸುಪಾಸು ಇರಲಿ, ಟ್ರಸ್ಸಿಗೆ ಬಿಸಿ ಸತುವಿನ ಲೇಪ ಇರಲಿ. ಕಾಂಕ್ರೀಟಿನ ಇಳಿಜಾರು ಸ್ಲ್ಯಾಬಿನ ಮೇಲೆ ಗಾರೆಯಲ್ಲಿ ಹೆಂಚು ಅಂಟಿಸುವುದು ಬೇಡ: ಹೆಂಚಿನಡಿ ಇಳಿದ ನೀರು ಒಣಗದೆ ಸ್ಲ್ಯಾಬನ್ನು ತಿನ್ನುತ್ತದೆ. ರೀಪಿನ ಮೇಲೆ ಕೂರಿಸಿದರೆ ಅಡಿಯಲ್ಲಿ ಗಾಳಿ ಆಡುತ್ತದೆ. ಮುಖಕ್ಕೆ ಎರಡಡಿ ಹೆಂಚಿನ ಪಟ್ಟಿ ಅಂಟಿಸಿ, ಶಿರಸಿಯ ಮಾರಿಕಾಂಬಾ ದೇವಾಲಯದ ಗೋಡೆಯ ಕಾವಿ ಚಿತ್ರವನ್ನು ಹಾಳೆಯ ಮೇಲೆ ಅಚ್ಚು ಹಾಕಿಸಿ ‘ಮಲೆನಾಡು ಶೈಲಿ’ ಎನ್ನುವುದನ್ನು ದಯವಿಟ್ಟು ಒಪ್ಪಬೇಡಿ. ಹಸಿ ಸುಣ್ಣದ ಗಾರೆಯನ್ನು ಕೆತ್ತಿ ಮೂಡಿಸುವ ಕಲೆಗೆ ಅದು ಗೌರವವಲ್ಲ.

ಬೀದಿಯ ಮಟ್ಟದ ಜಗುಲಿಗೆ ನಾವು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇವೆ. ಈಗಿನ ಕಟ್ಟಡಗಳಲ್ಲಿ ರಸ್ತೆಯ ಅಂಚಿನಿಂದ ಶಟರಿನವರೆಗೆ ಬೈಕು ನಿಲ್ಲಿಸುವ ಬಯಲು. ಗಿರಾಕಿ ಕೊಡೆ ಮಡಿಸುವುದು ಅಂಗಡಿಯೊಳಗೇ. ರಸ್ತೆಗೆ ಡಾಂಬರು ಹಾಕಿದಾಗಲೆಲ್ಲ ಮಟ್ಟ ಏರುತ್ತದೆಂದು ನೆಲವನ್ನು ಎರಡೂವರೆ ಅಡಿ ಎತ್ತರಿಸಿ, ಮೆಟ್ಟಿಲುಗಳನ್ನು ಚರಂಡಿಯ ಮೇಲೆ ಇಳಿಬಿಡುತ್ತಾರೆ. ಬದಲಿಗೆ ಕಟ್ಟಡದ ಗೆರೆಯೊಳಗೇ ಎಂಟು ಅಡಿ ಅಗಲದ ಜಗುಲಿ ಬಿಡಿಸಿ. ನೆಲ ಒಂದೂವರೆ ಅಡಿ ಎತ್ತರ ಸಾಕು, ಮೆಟ್ಟಿಲು ಜಗುಲಿಯ ಒಳಗಿರಲಿ, ಒಂದು ತುದಿಯಲ್ಲಿ ಇಳಿಜಾರು ದಾರಿ ಇರಲಿ. ಹನ್ನೆರಡಕ್ಕೆ ಒಂದರ ಲೆಕ್ಕದಲ್ಲಿ ಅದಕ್ಕೆ 18 ಅಡಿ ಉದ್ದ ಬೇಕು. ‘ಎಂಟಡಿ ಅಂಗಡಿ ಹೋಯಿತಲ್ಲ’ ಎಂದು ಬಿಲ್ಡರು ಹೇಳುತ್ತಾರೆ. 60 ಅಡಿ ಮುಖಕ್ಕೆ ಅದು 480 ಚದರಡಿ, ನಿಜ. ಆದರೆ ಮೇಲಿನ ಮಹಡಿಗಳು ಜಗುಲಿಯ ಮೇಲೂ ಚಾಚುವುದರಿಂದ ಅಲ್ಲಿ ಕಳೆದುಕೊಳ್ಳುವುದಿಲ್ಲ, ಮಳೆಗಾಲದ ನಾಲ್ಕು ತಿಂಗಳು ಗಿರಾಕಿ ಜಗುಲಿಯಲ್ಲಿ ನಿಲ್ಲುತ್ತಾನೆ. ಬೋರ್ಡುಗಳಿಗೆ ಜಗುಲಿಯ ತೊಲೆಯ ಕೆಳಗೆ ಎರಡೂವರೆ ಅಡಿಯ ಒಂದೇ ಪಟ್ಟಿ ಗೊತ್ತು ಮಾಡಿ.

ಮೂರು ಹಳೆಯ ನಿವೇಶನ ಕೂಡಿಸಿದರೆ ಮುಖ ಉದ್ದವಾಗುತ್ತದೆ. ಹಳೆಯ ಅಗಲಕ್ಕೆ ಸರಿಯಾಗಿ ಕಂಬಗಳ ಸಾಲು ಬಂದರೆ, ಮಾಡು ಒಂದೊಂದು ಭಾಗಕ್ಕೆ ಸ್ವಲ್ಪ ಏರಿಳಿದರೆ ಬೀದಿಯ ಲಯ ಉಳಿಯುತ್ತದೆ, ಬಣ್ಣದ ತೇಪೆ ಬೇಕಾಗುವುದಿಲ್ಲ. ಆಳದಲ್ಲಿ 15-20 ಅಡಿಯ ನಡು ಅಂಗಳ ಕೇಳಿ. ನಾಲ್ಕಡಿ ಚೌಕದ ಡಕ್ಟಿಗೆ, ಅಂದರೆ ಮಹಡಿಗಳ ನಡುವೆ ಮೇಲಿನವರೆಗೆ ಬಿಟ್ಟ ಕಿರಿದಾದ ತೆರಪಿಗೆ, ಅಡುಗೆಮನೆ, ಶೌಚಾಲಯ ಎರಡನ್ನೂ ತೆರೆಸಿದರೆ ಅದು ವರ್ಷವಿಡೀ ಒಣಗುವುದಿಲ್ಲ. ಪ್ರತಿ ಫ್ಲ್ಯಾಟಿಗೂ ಎದುರುಬದುರು ಎರಡು ಮುಖ ಬೇಕು. ಸೆಖೆಗಾಲದ ಮಧ್ಯಾಹ್ನ ಕಡಲಗಾಳಿ ಒಳಬಂದರೆ ಸಾಲದು, ಹೊರಹೋಗಲೂ ದಾರಿ ಇರಬೇಕು. ಪಶ್ಚಿಮದ ಗೋಡೆಯನ್ನು ಚಿರೇಕಲ್ಲಿನಲ್ಲಿ ಕಟ್ಟಿಸುವುದಾದರೆ ಕಡಿದ ಕಲ್ಲನ್ನು ಗಾಳಿ-ಬಿಸಿಲಿಗೆ ಒಡ್ಡಿ ಗಟ್ಟಿಯಾಗಲು ಬಿಟ್ಟು ಬಳಸಬೇಕು, ಬುಡದಲ್ಲಿ ತೇವ ತಡೆಯುವ ಪದರ ಇರಬೇಕು, ಅದರ ತೂಕಕ್ಕೆ ತಕ್ಕ ತೊಲೆ ಇರಬೇಕು.

ಈಗ ಕರಾರು. ತ್ರೀಡಿ ಚಿತ್ರದ ಜೊತೆ ಸೆಕ್ಷನ್ ಡ್ರಾಯಿಂಗ್ ಕೇಳಿ, ಅಂದರೆ ಕಟ್ಟಡವನ್ನು ರಸ್ತೆಯಿಂದ ಹಿತ್ತಲವರೆಗೆ ಸೀಳಿ ತೋರಿಸುವ ನಕ್ಷೆ. ಸಜ್ಜೆ ಎಷ್ಟು ಚಾಚಿದೆ, ನೀರು ಎಲ್ಲಿ ಇಳಿಯುತ್ತದೆ, ಜಗುಲಿ ಇದೆಯೇ ಎಂಬುದೆಲ್ಲ ಅದರಲ್ಲಿ ಮಾತ್ರ ಕಾಣುತ್ತದೆ. ಅನುಬಂಧದಲ್ಲಿ ‘ಉತ್ತಮ ಗುಣಮಟ್ಟದ ಸಾಮಗ್ರಿ’ ಎಂದು ಬರೆದಿದ್ದರೆ ಹೊಡೆದು ಹಾಕಿಸಿ, ಅಳತೆ ಬರೆಸಿ. ಸಜ್ಜೆ ಮೂರಡಿ, ಅದರ ಅಡಿ ಅಂಚಿನಲ್ಲಿ ನೀರು ಹನಿದು ಬೀಳಲು ಗೀರು. ಹೊರಕ್ಕೆ ಇಳಿಜಾರಾಗಿ ಎರಡಿಂಚು ಚಾಚಿದ ಕಿಟಕಿ ಹಾಸು. ಬಾಗಿಲಿನಂತೆ ತೆರೆಯುವ ಕಿಟಕಿ, ಮೇಲೆ ಗಾಳಿಗಿಂಡಿ. ಸೆಟ್‌ಬ್ಯಾಕಿನಲ್ಲಿ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗದಲ್ಲಿ) ಮೂರಡಿ ಸಜ್ಜೆಗೆ ಅನುಮತಿ ಸಿಗದಿದ್ದರೆ ಕಿಟಕಿಯನ್ನೇ ಒಳಕ್ಕೆ ಸರಿಸಬಹುದು.

ಕಾಂಕ್ರೀಟಿಗೆ ಐಎಸ್ 456:2000 ಎಂಬ ಭಾರತೀಯ ಮಾನಕವಿದೆ. ಕರಾವಳಿಯ ಗಾಳಿಗೆ ಒಡ್ಡಿದ ಕಾಂಕ್ರೀಟನ್ನು ಅದು ‘ತೀವ್ರ’ ವರ್ಗದಲ್ಲಿ ಇಟ್ಟು, ಕನಿಷ್ಠ ಎಂ30 ದರ್ಜೆ (ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟು ಗಟ್ಟಿ), ಕಬ್ಬಿಣದ ಮೇಲೆ 45 ಮಿ.ಮೀ. ಕಾಂಕ್ರೀಟಿನ ಹೊದಿಕೆ ಕೇಳುತ್ತದೆ. ಅಲೆಯ ತುಂತುರು ತಾಗುವಲ್ಲಿ ಎಂ35, 50 ಮಿ.ಮೀ. ಒಳನಾಡಿನ ರೂಢಿಯಂತೆ ಎಂ20, 20-25 ಮಿ.ಮೀ. ಹಾಕಿದರೆ ಉಪ್ಪು ಕಬ್ಬಿಣ ಮುಟ್ಟುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟು ಸಿಡಿಯುತ್ತದೆ. ಅಳಿವೆಯ ಉಪ್ಪುಮರಳನ್ನು ತೊಳೆಯದೆ ಬಳಸಿದರೂ ಅದೇ ಗತಿ. ಕಡಲಿಗೋ ಕಾಳಿ ನದಿಗೋ ಹತ್ತಿರದ ನಿವೇಶನವಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯಲ್ಲಿ ಅದು ಎಲ್ಲಿ ಬರುತ್ತದೆಂದು ಕರಾರಿಗೆ ಮೊದಲೇ ನೋಡಿಸಿ.

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಮೇಲೆ ಭಾರ ಹಾಕಿ ಕೂರುವಂತಿಲ್ಲ. ನಿವೇಶನ 500 ಚದರ ಮೀಟರ್, ಅಂದರೆ ಸುಮಾರು ಐದು ಗುಂಟೆ ಮೀರದಿದ್ದರೆ ಅಥವಾ ಫ್ಲ್ಯಾಟುಗಳು ಎಂಟು ಮೀರದಿದ್ದರೆ ನೋಂದಣಿ ಕಡ್ಡಾಯವಲ್ಲ. ನಮ್ಮ ಪೇಟೆಯ ಎಷ್ಟೋ ನಿವೇಶನ ಈ ಮಿತಿಯೊಳಗೇ ಇವೆ. ಅಲ್ಲಿ ಕರಾರೇ ಆಧಾರ. ನೋಂದಣಿಯಾದ ಯೋಜನೆಯಲ್ಲಿ ಮಂಜೂರಾದ ನಕ್ಷೆಯನ್ನು ಖರೀದಿದಾರರ ಮೂರನೇ ಎರಡು ಪಾಲಿನ ಒಪ್ಪಿಗೆ ಇಲ್ಲದೆ ಬದಲಿಸುವಂತಿಲ್ಲ, ಸ್ವಾಧೀನ ಕೊಟ್ಟ ಐದು ವರ್ಷದೊಳಗಿನ ರಚನಾ ದೋಷವನ್ನು ಬಿಲ್ಡರೇ ಸರಿಪಡಿಸಬೇಕು. ಸಣ್ಣ ಯೋಜನೆಯಾದರೂ ಈ ಎರಡು ಷರತ್ತುಗಳನ್ನು ಕರಾರಿನಲ್ಲಿ ಬರೆಸಿಕೊಳ್ಳಬಹುದು.

ಮುಖ್ತ್ಯಾರ ಪತ್ರದಲ್ಲಿ ‘ನಕ್ಷೆ ಬದಲಿಸುವ ಅಧಿಕಾರ’ ಎಂಬ ಸಾಲಿದ್ದರೆ ತೆಗೆಸಿ, ಇಲ್ಲವೇ ಪಾಲುದಾರರೆಲ್ಲರ ಲಿಖಿತ ಒಪ್ಪಿಗೆಗೆ ಒಳಪಡಿಸಿ. ಹೊರದೇಶದಲ್ಲಿ ಬರೆದ ಪತ್ರಕ್ಕೆ ಅದು ರಾಜ್ಯ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದನ್ನು ಊರಿನವರಿಗೆ ನೆನಪಿಸಿ. ಇನ್ನೊಂದು ಮಾತು. ಬಿಲ್ಡರು ಕೊಡುವ ಭದ್ರತಾ ಠೇವಣಿಯನ್ನು ಕೀಲಿಕೈ ಕೊಟ್ಟ ದಿನವೇ ಪೂರ್ತಿ ಮರಳಿಸಬೇಕೆಂದು ಕರಡಿನಲ್ಲಿ ಇರುತ್ತದೆ, ಮತ್ತು ಕೀಲಿಕೈ ಕೊಡುವುದು ಬಹುಪಾಲು ಬೇಸಿಗೆಯಲ್ಲಿ. ಠೇವಣಿಯ ಒಂದು ಭಾಗವನ್ನು ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ಇಟ್ಟುಕೊಳ್ಳುವಂತೆ ತಿದ್ದಿಸಿ. ಜುಲೈ ನಡುವಿನಲ್ಲಿ ಊರಿನಲ್ಲಿರುವ ಯಾರಾದರೂ ಹೋಗಿ ನಾಲ್ಕು ಜಾಗ ನೋಡಲಿ: ಪಶ್ಚಿಮದ ಕಿಟಕಿಗಳ ಹಾಸು, ಪ್ಯಾರಾಪೆಟ್ಟಿನ ಒಳಬುಡ, ಶೌಚಾಲಯದ ಕೆಳಗಿನ ಸ್ಲ್ಯಾಬು, ಜಗುಲಿಯ ತೊಲೆಗೂ ಗೋಡೆಗೂ ನಡುವಿನ ಸಂದಿ. ತೇವ ಕಂಡಲ್ಲಿ ದಿನಾಂಕ ಬರುವಂತೆ ಚಿತ್ರ ತೆಗೆದು ಪಾಲುದಾರರೆಲ್ಲರಿಗೂ ಕಳಿಸಲಿ. ದುರಸ್ತಿ ಮುಗಿದ ಮೇಲೆ ಆ ಭಾಗ ಮರಳಿಸಿದರೆ ಸಾಕು.