ಎಡಗಡೆ ಕನ್ನಡಿಯಲ್ಲಿ ನೀನು ಕಾಣುವುದಿಲ್ಲ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಬೈದದ್ದು ಯಾರಿಗೆ ಅಂತ ನನಗೆ ಈಗಲೂ ಸರಿಯಾಗಿ ಗೊತ್ತಾಗಿಲ್ಲ. ಉಡುಪಿಯ ಇಂದ್ರಾಳಿ ಹತ್ತಿರ ಸೈಕಲ್ಲಿನಲ್ಲಿ ಹೋಗುತ್ತಿದ್ದ ನಿನ್ನನ್ನು ರಸ್ತೆಯ ಅಂಚಿಗೆ ಒತ್ತಿದ ಆ ಬಸ್ಸಿನವನಿಗೋ, ಇಲ್ಲಾ ಮಂಗಳೂರಿನಲ್ಲಿ ಅದೇ ಬಸ್ ಡ್ರೈವರ್ ಕೆಲಸ ಮಾಡುವ ನಿನ್ನ ಅಪ್ಪನಿಗೋ? "ನಿಮ್ಮವರೆಲ್ಲ ಹೀಗೇ" ಅಂದುಬಿಟ್ಟೆ. ಆಗ ಉತ್ತರ ಕೊಡಲು ಆಗಲಿಲ್ಲ. ಟ್ರಿಪ್‌ಗೆ ಟೈಮ್ ಆಗಿತ್ತು, ಕಂಡಕ್ಟರ್ ಬಸ್ಸಿನ ಬದಿಗೆ ಬಡಿಯುತ್ತಿದ್ದ. ಇವತ್ತು ರಜೆ. ವಾಟ್ಸಾಪಿನಲ್ಲಿ ಇಷ್ಟುದ್ದ ಹಾಕಿದರೆ ನೀನು ಹೆಬ್ಬೆಟ್ಟು ಒತ್ತಿ ಮುಂದೆ ಹೋಗುತ್ತೀ. ಅದಕ್ಕೇ ಕಾಗದ.

ಸೈಕಲ್ ಬಿಡು ಅಂತ ಹೇಳಲು ಬರೆಯುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಹಾಗೆ ಹೇಳುವುದು ಅಮ್ಮ. ಸ್ಕೂಟರ್ ತೆಗೆಸಿಕೊಡಿ ಅಂತ ದಿನಾ ರಗಳೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅದರಲ್ಲಿ ನೂರಕ್ಕೆ 44 ಮಂದಿ ಬೈಕು ಸ್ಕೂಟರಿನವರು ಅಂತ ಹೇಳಿದೆ. ಸುಮ್ಮನಾದಳು. ರಸ್ತೆಯಲ್ಲಿ ಬೈಕು ಸ್ಕೂಟರೇ ಜಾಸ್ತಿ, ಹಾಗಾಗಿ ಲೆಕ್ಕವೂ ಜಾಸ್ತಿ ಅನ್ನುವುದನ್ನು ಮಾತ್ರ ಹೇಳಲಿಲ್ಲ. ನೀನೂ ಹೇಳಬೇಡ.

ಈಗ ನನ್ನ ಸೀಟಿಗೆ ಬಾ. ಚಿಕ್ಕವಳಿದ್ದಾಗ ಬಾನೆಟ್ ಪಕ್ಕ ಕೂತು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ತಲಪಾಡಿವರೆಗೆ ಬರುತ್ತಿದ್ದೆಯಲ್ಲ, ಆಗ ನೀನು ಸಮುದ್ರ ಎಲ್ಲಿ ಅಂತ ನೋಡುತ್ತಿದ್ದೆ, ರಸ್ತೆ ನೋಡಲಿಲ್ಲ. ನಾನು ಕೂರುವುದು ಬಲಗಡೆ, ಎತ್ತರದಲ್ಲಿ. ಎಡಗಡೆ ಮುಂದಿನ ಬಾಗಿಲಿನ ಪಕ್ಕ, ನೆಲಕ್ಕೆ ಹತ್ತಿರ ಏನಿದ್ದರೂ ನನಗೆ ಕಾಣುವುದಿಲ್ಲ. ಗಾಜಿನ ಕೆಳಗಿನ ತಗಡು ಅಡ್ಡ. ಕನ್ನಡಿ ಉಂಟಲ್ಲ ಅಂತೀ. ಉಂಟು. ಬೆಳಿಗ್ಗೆ ಎಂಟೂವರೆಗೆ ಆ ಕನ್ನಡಿಗೂ ನನಗೂ ನಡುವೆ ಬಾಗಿಲಲ್ಲಿ ಜೋತ ಕಾಲೇಜು ಹುಡುಗರ ಬ್ಯಾಗುಗಳು, ಬಾನೆಟ್ಟಿಗೆ ಒರಗಿ ನಿಂತ ಹೆಂಗಸರು, ಅವರ ಬುತ್ತಿ ಚೀಲ. ಅಷ್ಟರ ಸಂದಿಯಲ್ಲಿ ಒಂದು ತೆಳ್ಳಗಿನ ಸೈಕಲ್ಲು. ನೀನು ನನ್ನನ್ನು ಪೂರ್ತಿ ನೋಡುತ್ತೀ, ಇಷ್ಟು ದೊಡ್ಡ ಬಸ್ಸು. ಹಾಗಾಗಿ ನಾನೂ ನಿನ್ನನ್ನು ನೋಡಿದ್ದೇನೆ ಅಂತ ಅಂದುಕೊಳ್ಳುತ್ತೀ. ರಸ್ತೆಯ ಜಗಳ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ. ನೀನು ಅಂದುಕೊಳ್ಳುವುದು "ಬೇಕೂಂತಲೇ ಮಾಡಿದ" ಅಂತ. ಅವನಿಗೆ ನೀನು ಅಲ್ಲಿದ್ದದ್ದೇ ಗೊತ್ತಿರುವುದಿಲ್ಲ.

ಕಾಣದಿದ್ದರೆ ಅವನದು ತಪ್ಪಲ್ಲ ಅಂತ ಹೇಳುತ್ತಿಲ್ಲ ಮಾರಾಯ್ತಿ. ಕಾಣದ ಕಡೆಗೆ ಬಸ್ಸು ಎಳೆಯುವವನು ಡ್ರೈವರೇ ಅಲ್ಲ. ಆದರೆ ನಿನ್ನ ಸೊಂಟ ನಿನ್ನದು. ಅದಕ್ಕೆ ನಿಂತ ಬಸ್ಸಿನ ಎಡಕ್ಕೆ ಯಾವತ್ತೂ ತೂರಬೇಡ. ಇಳಿಯುವವರ ಕಾಲು ಬಂದು ನಿನ್ನ ಹ್ಯಾಂಡಲ್ ಮೇಲೆ ಬೀಳುತ್ತದೆ, ಅದು ಒಂದು. ಇನ್ನೊಂದು, ನಾವು ಹೊರಡುವುದು ಕನ್ನಡಿ ನೋಡಿಯಲ್ಲ, ಕಿವಿ ಕೇಳಿ. ಹಿಂದಿನಿಂದ "ರೈಟ್ ಪೋಯಿ", ಹೋಗುವಾ ಅಂತ ಕಂಡಕ್ಟರ್ ಕೂಗಿದ ಕೂಡಲೇ ಕಾಲು ತಾನಾಗಿ ಕ್ಲಚ್ ಬಿಡುತ್ತದೆ. ಬಸ್ಸು ಎಡಕ್ಕೆ ತಿರುಗುವಾಗಂತೂ ಅದರ ಹತ್ತಿರವೇ ಇರಬೇಡ. ಮುಂದಿನ ಚಕ್ರ ನಿನ್ನನ್ನು ದಾಟಿ ಹೋಯಿತು ಅಂದರೆ ಬಚಾವ್ ಅಂತ ಅಲ್ಲ. ಹಿಂದಿನ ಚಕ್ರ ಅದೇ ಗೆರೆಯಲ್ಲಿ ಬರುವುದಿಲ್ಲ, ತುಂಬಾ ಒಳಗೆ ಕತ್ತರಿಸಿಕೊಂಡು ಬರುತ್ತದೆ. ಲಾರಿಯೂ ಹಾಗೆಯೇ. ಬಸ್ಸು ಹೋಗಲಿ, ಆಮೇಲೆ ನೀನು ಹೋಗು. ಆಫೀಸಿಗೆ ಎರಡು ನಿಮಿಷ ಲೇಟಾದರೆ ನಿನ್ನ ಸಂಬಳ ಕಟ್ ಮಾಡುವುದಿಲ್ಲವಲ್ಲ.

ನಮಗೆ ಕಟ್ ಆಗುತ್ತದೆ. ಅದನ್ನೂ ತಿಳಿದುಕೋ. ಪ್ರೈವೇಟ್ ಬಸ್ಸಿಗೆ ಪ್ರತಿ ಸ್ಟಾಪಿಗೂ ಒಂದು ಟೈಮ್. ನನ್ನ ಹಿಂದೆ ಕೆಲವೇ ನಿಮಿಷದಲ್ಲಿ ಇನ್ನೊಂದು ಬಸ್ಸು. ನಾನು ಚೂರು ತಡ ಮಾಡಿದರೆ ನನ್ನ ಜನ ಅವನ ಬಸ್ಸಿಗೆ ಹತ್ತುತ್ತಾರೆ, ಅವನು ಬೇಗ ಬಂದರೂ ಹಾಗೇ. ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಹತ್ತಿರ ಬೊಬ್ಬೆ, ಸಂಜೆ ಧಣಿಯ ಹತ್ತಿರ ಕಲೆಕ್ಷನ್ ಲೆಕ್ಕ. ನಮ್ಮ ದಿನದ ಭತ್ಯೆ ಆ ಕಲೆಕ್ಷನ್ ಮೇಲೆ ನಿಂತಿದೆ. ಪಂಪ್‌ವೆಲ್ಲಿನಲ್ಲಿ ಹಾಳಾದ ನಾಲ್ಕು ನಿಮಿಷವನ್ನು ತೊಕ್ಕೊಟ್ಟು ಬರುವುದರೊಳಗೆ ಹೇಗಾದರೂ ಹಿಡಿಯಬೇಕು. ಆ ನಾಲ್ಕು ನಿಮಿಷವನ್ನು ಡ್ರೈವರ್ ಯಾರಿಂದ ಕಿತ್ತುಕೊಳ್ಳುತ್ತಾನೆ? ಲಾರಿಯಿಂದ ಆಗುವುದಿಲ್ಲ. ಕಾರಿನವನಿಂದಲೂ ಕಷ್ಟ, ಇಳಿದು ಜಗಳಕ್ಕೆ ಬರುತ್ತಾನೆ. ಉಳಿದದ್ದು ಸೈಕಲ್ಲಿನವರು, ನಡೆದುಹೋಗುವವರು. ಇದು ಸರಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ನೀನು ಅಂದಹಾಗೆ "ಸೊಕ್ಕು" ಅಂತ ಒಂದೇ ಮಾತಿನಲ್ಲಿ ಮುಗಿಸುವುದಕ್ಕೂ ಆಗುವುದಿಲ್ಲ. ಸಂಬಳವನ್ನು ಕಲೆಕ್ಷನ್ನಿಗೆ ಕಟ್ಟಿಹಾಕಿದಷ್ಟು ದಿನ ಎಷ್ಟು ಬೋರ್ಡು ಹಾಕಿದರೂ, ಎಷ್ಟು ಸುರಕ್ಷತಾ ಸಪ್ತಾಹ ಮಾಡಿದರೂ ಸ್ಪೀಡು ಇಳಿಯುವುದಿಲ್ಲ. ಇದು ನಾನು ಯೂನಿಯನ್ ಮೀಟಿಂಗಿನಲ್ಲೂ ಹೇಳುವ ಮಾತು.

ಸ್ಪೀಡಿನ ಲೆಕ್ಕವನ್ನು ನೀನು ಓದಿದವಳು, ನನಗಿಂತ ಚೆನ್ನಾಗಿ ಮಾಡುತ್ತೀ. ಗಂಟೆಗೆ ನಲವತ್ತರಲ್ಲಿ ಹೋಗುವ ಬಸ್ಸು ಒಂದು ಸೆಕೆಂಡಿಗೆ ಹನ್ನೊಂದು ಮೀಟರ್ ದಾಟುತ್ತದೆ. ಕಣ್ಣು ನೋಡಿ, ತಲೆಗೆ ಹೋಗಿ, ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಆ ಸೆಕೆಂಡು ಮುಗಿದಿರುತ್ತದೆ. ಬ್ರೇಕ್ ಹಿಡಿಯಲು ಶುರುವಾಗುವುದೇ ಆಮೇಲೆ. ಮೂವತ್ತರ ಸ್ಪೀಡು ಅರವತ್ತಾದರೆ ಪೆಟ್ಟು ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಇನ್ನು ನೀನು ಅಂಚಿನಲ್ಲಿ ಹೋಗುವ ವಿಷಯ. "ನಾನು ಪೂರ್ತಿ ಬದಿಯಲ್ಲೇ ಹೋಗುತ್ತಿದ್ದೆ ಅಪ್ಪಾ, ಆದರೂ ಒತ್ತಿದ" ಅಂದೆ. ಬದಿಯಲ್ಲಿ ಹೋದದ್ದಕ್ಕೇ ಒತ್ತಿದ. ಡ್ರೈವರ್ ಕಣ್ಣು ಸೈಕಲ್ಲನ್ನು ನೋಡುವುದಿಲ್ಲ, ಸೈಕಲ್ಲಿನ ಪಕ್ಕದ ಜಾಗವನ್ನು ನೋಡುತ್ತದೆ. ನೀನು ಮಣ್ಣಿನ ಅಂಚಿಗೆ ತಾಗಿ ಹೋದರೆ, ಎದುರಿನಿಂದ ವಾಹನ ಬರುತ್ತಿದ್ದರೂ, ಹೇಗೂ ನುಗ್ಗಬಹುದು ಅಂತ ಅವನ ಲೆಕ್ಕ. ನೀನು ಒಂದು ಮಾರು ಒಳಗೆ ಇದ್ದರೆ ಆ ಲೆಕ್ಕ ಕೂಡುವುದಿಲ್ಲ. ಹಿಂದೆ ನಿಂತು ಕಾಯಬೇಕು, ಇಲ್ಲವೇ ಸರಿಯಾಗಿ ಬಲಕ್ಕೆ ಹೋಗಿ ದಾಟಬೇಕು. ಹಾರ್ನ್ ಹೊಡೆಯುತ್ತಾನೆ. ಹೊಡೆಯಲಿ. ಹಾರ್ನ್ ಹೊಡೆದ ಅಂದರೆ ನಿನ್ನನ್ನು ನೋಡಿದ ಅಂತ ಅರ್ಥ. ತಲೆಬಿಸಿ ಮಾಡಬೇಕಾದದ್ದು ಹಾರ್ನ್ ಹೊಡೆಯದೆ ಬರುವವನ ಬಗ್ಗೆ. ಮತ್ತೆ ಅಂಚಿನಲ್ಲಿ ಇನ್ನೊಂದು ಅಪಾಯ ಉಂಟು, ನಮ್ಮ ಕಡೆ ಡಾಮರಿಗೂ ಮಣ್ಣಿಗೂ ಒಂದು ಗೇಣು ವ್ಯತ್ಯಾಸ. ಚಕ್ರ ಒಮ್ಮೆ ಕೆಳಗೆ ಜಾರಿದರೆ ಮತ್ತೆ ಮೇಲೆ ಹತ್ತಿಸುವಾಗಲೇ ಬೀಳುವುದು, ಬೀಳುವುದು ರಸ್ತೆಯ ಕಡೆಗೇ.

ಹಾಗಂತ ನಡುರಸ್ತೆಯಲ್ಲಿ ಮೆರವಣಿಗೆ ಹೋಗಬೇಡ. ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ ನೀನು ನಡೆಯುವವರ ಸ್ಪೀಡಿಗೆ ಬಂದಿರುತ್ತೀ, ಹ್ಯಾಂಡಲ್ ಅತ್ತಿತ್ತ ಓಲಾಡುತ್ತದೆ. ಅಲ್ಲಿ ಬದಿಗೆ ಬಂದು ಹಿಂದಿನವರಿಗೆ ದಾರಿ ಬಿಡು, ಬೇಕಾದರೆ ಇಳಿದು ತಳ್ಳು, ಮರ್ಯಾದೆ ಏನೂ ಹೋಗುವುದಿಲ್ಲ. ಸಂಜೆ ವಾಪಸ್ ಇಳಿಯುವಾಗ ನೀನೂ ಹೆಚ್ಚುಕಡಿಮೆ ಬೈಕಿನ ಸ್ಪೀಡಿನಲ್ಲಿರುತ್ತೀ, ಆಗ ಬದಿಯಲ್ಲಿ ಇರಲೇಬೇಡ. ಕುಂಜಿಬೆಟ್ಟು, ಕಡಿಯಾಳಿ ಕಡೆ ನಿಲ್ಲಿಸಿದ ಕಾರುಗಳ ಬಾಗಿಲು ಯಾವಾಗ ತೆರೆಯುತ್ತದೋ ದೇವರಿಗೂ ಗೊತ್ತಿಲ್ಲ. ಬಾಗಿಲಿನಷ್ಟು ದೂರ ಬಿಟ್ಟೇ ಹೋಗು. ರಿಕ್ಷಾದ ಇಂಡಿಕೇಟರ್ ನಂಬಬೇಡ, ಅದರ ಮುಂದಿನ ಚಕ್ರ ಎತ್ತ ತಿರುಗುತ್ತದೆ ನೋಡು. ಎದುರಿನವನು ಹೆಡ್‌ಲೈಟ್ ಮಿಣುಕಿಸಿದರೆ "ನೀನು ಹೋಗು" ಅಂತಲ್ಲ, ನಮ್ಮ ರಸ್ತೆಯಲ್ಲಿ ಅದು "ನಾನು ಬಂದೆ, ನೀನು ನಿಲ್ಲು".

ಒಂದು ವಿಷಯ ನಿನ್ನಿಂದಲೇ ಗಮನಕ್ಕೆ ಬಂತು. ನಾನು ಸ್ಟೇರಿಂಗ್ ಹಿಡಿದ ಕಾಲದಲ್ಲಿ ಮಂಗಳೂರಿನಲ್ಲಿ ಸೈಕಲ್ ಅಂದರೆ ಮೀನಿನವರು, ಬ್ರೆಡ್ಡಿನವರು, ಪೇಪರ್ ಹಾಕುವ ಹುಡುಗರು. ಪೋಂ ಪೋಂ ಅಂತ ಹಾರ್ನ್ ಒತ್ತಿಕೊಂಡು ಬಂಗುಡೆ ಮಾರುವವರಿಗೆ ನಮ್ಮವರು ಬದಿಗೆ ಹೋಗಾ ಅಂತ ಏಕವಚನದಲ್ಲೇ ಬೊಬ್ಬೆ ಹೊಡೆಯುತ್ತಿದ್ದರು. ಅವರು ತಿರುಗಿ ಮಾತಾಡುತ್ತಿರಲಿಲ್ಲ. ಈಗ ಭಾನುವಾರ ಬೆಳಿಗ್ಗೆ ಬಣ್ಣಬಣ್ಣದ ಬಟ್ಟೆ, ಹೆಲ್ಮೆಟ್ ಹಾಕಿ ಪಣಂಬೂರು ಕಡೆ ಗುಂಪಾಗಿ ಹೋಗುವವರಿದ್ದಾರೆ. ಅವರ ಸೈಕಲ್ಲಿನ ಬೆಲೆ ಕೇಳಿದರೆ ನಮ್ಮ ಕಂಡಕ್ಟರ್ ಕೂತಲ್ಲೇ ಏಳುತ್ತಾನೆ. ಅವರ ಬಗ್ಗೆ "ಶೋಕಿ" ಅಂತ ನಗುತ್ತಾರೆ, ಆದರೆ ದೂರ ಬಿಟ್ಟು ಹೋಗುತ್ತಾರೆ, ಯಾರು ಏನಾಗಿರುತ್ತಾರೋ ಅಂತ. ನೀನು ಈ ಎರಡರಲ್ಲೂ ಸೇರುವುದಿಲ್ಲ. ಚೂಡಿದಾರ ಹಾಕಿಕೊಂಡು, ಬ್ಯಾಗು ಬೆನ್ನಿಗೇರಿಸಿ, ವಾರದ ನಡುವೆ ಕೆಲಸಕ್ಕೆ ಹೋಗುವ ಹುಡುಗಿ ಸೈಕಲ್ಲಿನಲ್ಲಿ ಯಾಕಿದ್ದಾಳೆ ಅಂತಲೇ ಡ್ರೈವರಿಗೆ ಅರ್ಥವಾಗುವುದಿಲ್ಲ. ಕಿಟಕಿಯಿಂದ ಬರುವ ಮಾತುಗಳ ಬಗ್ಗೆ ನೀನು ಹೇಳಲಿಲ್ಲ, ಆದರೂ ನನಗೆ ಗೊತ್ತು. ಅಂಥವನ ಬಸ್ಸಿನ ನಂಬರ್ ನನಗೆ ಕಳಿಸು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

"ಟ್ಯಾಕ್ಸ್ ಕಟ್ಟದವರಿಗೆ ರಸ್ತೆ ಯಾಕೆ" ಅಂತ ಆ ಕಾರಿನವನು ಕಲ್ಸಂಕದಲ್ಲಿ ಕೇಳಿದನಂತಲ್ಲ. ಸೈಕಲ್ಲು ಮೋಟಾರು ವಾಹನವೇ ಅಲ್ಲ, 1988ರ ಕಾಯ್ದೆಯಲ್ಲೇ ಇದೆ, ಅದಕ್ಕೇ ಲೈಸೆನ್ಸೂ ಇಲ್ಲ, ಟ್ಯಾಕ್ಸೂ ಇಲ್ಲ. ಹಾಗಂತ ರಸ್ತೆಗೆ ನಮ್ಮ ದುಡ್ಡು ಹೋಗಿಲ್ವಾ? ಮನೆ ತೆರಿಗೆ ನಾವು ಕಟ್ಟುತ್ತೇವೆ. ಸಾಬೂನಿಗೂ ಜಿಎಸ್‌ಟಿ ಕೊಡುತ್ತೇವೆ. ಎಂಟನೇ ಕ್ಲಾಸಿನಲ್ಲಿ ನಿನಗೆ ಸೈಕಲ್ ಕೊಟ್ಟದ್ದೇ ಸರ್ಕಾರ, 2006-07ರಲ್ಲಿ ಶುರು ಮಾಡಿದ ಯೋಜನೆ ಅದು. ಮಕ್ಕಳಿಗೆ ಸೈಕಲ್ ಕೊಟ್ಟರು, ಓಡಿಸಲು ಒಂದು ಅಡಿ ಜಾಗ ಕೊಡಲಿಲ್ಲ. ಸೈಕಲ್ಲಿನವರಿಗೆ, ನಡೆಯುವವರಿಗೆ ಹಕ್ಕು ಕೊಡುವ ಕರಡು ಮಸೂದೆ 2021ರಲ್ಲಿ ಬಂದಿತ್ತು ಅಂತ ನೀನೇ ಕಳಿಸಿದ್ದೆ. ಓದಿದೆ. ಚೆನ್ನಾಗಿತ್ತು. ರಸ್ತೆಗೆ ಇಳಿದದ್ದು ನಾನಂತೂ ನೋಡಲಿಲ್ಲ.

ನೀನು ಕಳಿಸಿದ ಹಾಲೆಂಡಿನ ಕತೆಯೂ ಓದಿದೆ. ಅಲ್ಲೂ ಮೊದಲು ಕಾರಿನದ್ದೇ ರಾಜ್ಯವಂತೆ. 1971ರಲ್ಲಿ ಒಂದೇ ವರ್ಷಕ್ಕೆ 400ಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತ ಮೇಲೆ ಅಪ್ಪ ಅಮ್ಮಂದಿರು ಬೀದಿಗಿಳಿದರು, 1973ರಲ್ಲಿ ಪೆಟ್ರೋಲ್ ಬರ ಬೇರೆ ಬಂತು, ಹಾಗೆ ಸೈಕಲ್ಲಿಗೆ ದಾರಿ ಆಯಿತು. ಸರಿ. ಆದರೆ ಆ ಊರು ತಟ್ಟೆಯ ಹಾಗೆ ಸಪಾಟು, ಮಳೆ ವರ್ಷಕ್ಕೆ ಸುಮಾರು 850 ಮಿಲಿಮೀಟರ್. ನಮ್ಮ ಕರಾವಳಿಯಲ್ಲಿ ನಾಲ್ಕು ಸಾವಿರದ ಆಸುಪಾಸು, ಅದರಲ್ಲಿ ಮುಕ್ಕಾಲುಪಾಲಿಗೂ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈ-ಆಗಸ್ಟಿನ ಆಟಿ ತಿಂಗಳ ಮಳೆಯಲ್ಲಿ ವೈಪರ್ ಎಷ್ಟು ತಿರುಗಿದರೂ ನನಗೆ ಮುಂದಿನ ಬಸ್ಸಿನ ಕೆಂಪು ದೀಪವೇ ಕಾಣುವುದಿಲ್ಲ, ನಿನ್ನ ಸೈಕಲ್ ಎಲ್ಲಿಂದ ಕಾಣಬೇಕು? ಅಂಥ ದಿನ ಸೈಕಲ್ ಒಳಗಿಟ್ಟು ಬಸ್ಸು ಹತ್ತು. ನಮಗೂ ಕಲೆಕ್ಷನ್ ಬೇಡ್ವಾ. ಉಳಿದ ಮಳೆಗೆ ಎರಡೇ ಮಾತು. ಒದ್ದೆ ರಿಮ್ಮಿಗೆ ರಬ್ಬರ್ ಬ್ರೇಕ್ ಕೂಡಲೇ ಹಿಡಿಯುವುದಿಲ್ಲ, ಬೇಗನೇ ಒತ್ತಲು ಶುರು ಮಾಡು. ನೀರು ನಿಂತ ಜಾಗದ ಕೆಳಗೆ ಹೊಂಡ ಉಂಟು ಅಂತಲೇ ತಿಳಿ.

ನಿಮ್ಮ ಸೈಕಲ್ಲಿನವರ ಬಗ್ಗೆಯೂ ನನ್ನ ಹತ್ತಿರ ಪಟ್ಟಿ ಉಂಟು, ಪೂರ್ತಿ ಬರೆದರೆ ಕಾಗದ ಸಾಲದು. ರಾಂಗ್ ಸೈಡಿನಲ್ಲಿ ಬರುವುದು. ಕಿವಿಗೆ ಇಯರ್‌ಫೋನ್. ಕತ್ತಲಾದ ಮೇಲೆ ಕಪ್ಪು ಅಂಗಿ, ಹಿಂದೆ ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ನೇತ್ರಾವತಿ ಸೇತುವೆ ಮೇಲೆ ಹಾಗೆ ಒಬ್ಬರು ಸಿಕ್ಕಿದರೆ ನನ್ನ ಎದೆ ಹೊಡೆದುಕೊಳ್ಳುವುದು ತೊಕ್ಕೊಟ್ಟಿನವರೆಗೆ ನಿಲ್ಲುವುದಿಲ್ಲ. ನೀನು ಸಂಜೆ ಏಳರ ಮೇಲೆ ಬರುವವಳು, ಹಿಂದಿನ ಕೆಂಪು ದೀಪ ಹಾಕಿಸದೆ ಇನ್ನು ಒಂದು ದಿನವೂ ಹೋಗಬೇಡ.

ಆ ಬಸ್ಸನ್ನು ಅಟ್ಟಿಸಿಕೊಂಡು ಹೋಗಿ ಮುಂದಿನ ಸ್ಟಾಪಿನಲ್ಲಿ ಜಗಳ ಮಾಡಿದ್ದು ನನಗೆ ಇಷ್ಟ ಆಗಲಿಲ್ಲ. ನಿನ್ನ ಮಾತು ಸರಿ ಇತ್ತು, ಜಾಗ ಸರಿ ಇರಲಿಲ್ಲ. ಬಸ್ಸು ತುಂಬಾ ಜನರ ಎದುರು ಬೈಸಿಕೊಂಡ ಡ್ರೈವರ್ ಆ ಕೋಪವನ್ನು ಮುಂದಿನ ಸೈಕಲ್ಲಿನವರ ಮೇಲೆ ತೀರಿಸುತ್ತಾನೆ, ಅವರು ಯಾವ ಪೇಪರ್ ಹುಡುಗನೋ. ಅದರ ಬದಲು ನಂಬರ್, ಜಾಗ, ಟೈಮ್ ಬರೆದಿಟ್ಟುಕೋ. ಪ್ರೈವೇಟ್ ಬಸ್ಸಿಗೆ ಟೈಮ್ ಇರುವುದರಿಂದ ಯಾವ ಟ್ರಿಪ್, ಯಾರ ಕೈಯಲ್ಲಿತ್ತು ಅಂತ ಹತ್ತು ನಿಮಿಷದಲ್ಲಿ ಹುಡುಕಬಹುದು. ದೂರು ಲಿಖಿತದಲ್ಲಿ ಕೊಡು, ಪೊಲೀಸರಿಗೆ ಒಂದು, ಧಣಿಗೆ ಒಂದು. ಧಣಿಗೆ ಹೋದರೆ ಜಾಸ್ತಿ ಕೆಲಸ ಆಗುತ್ತದೆ. ತೀರಾ ಹೆದರಿಕೆ ಆದರೆ ನಿಂತು 112ಕ್ಕೆ ಫೋನ್ ಮಾಡು. ನನ್ನ ಹೆಸರು ಹೇಳಿ ರಾಜಿ ಮಾಡಬೇಡ. ನಮ್ಮವರು ಅಂತ ಬಿಡಬೇಕಾಗಿಲ್ಲ.

ಭಾನುವಾರ ಬೆಳಿಗ್ಗೆ ಬರುತ್ತೇನೆ, ಸ್ಪಾನರ್ ಸೆಟ್ ತರುತ್ತೇನೆ. ಹಿಂದಿನ ಬ್ರೇಕ್ ರಬ್ಬರ್ ಸವೆದಿದೆ ಅಂದಿದ್ದೆಯಲ್ಲ, ಅದರ ಒಂದು ಫೋಟೋ ಹಾಕು. ಕೇಬಲ್ಲಿನ ಉದ್ದವನ್ನೂ ಅಳೆದು ಹೇಳು. ಇಲ್ಲಿಂದಲೇ ತೆಗೆದುಕೊಂಡು ಬರುತ್ತೇನೆ.

ನಿನ್ನ,
ಅಪ್ಪ