ಭಯವೊಂದೇ ಕಾರಣವಲ್ಲ

ಮಾನ್ಯರೇ,

ಸಾಂಕ್ರಾಮಿಕದ ದಿನಗಳಲ್ಲಿ ಮಹಿಳೆಯರು ಬಸಿರನ್ನು ಮುಂದೂಡಿದರೆ ಅದನ್ನು ಸೋಂಕಿನ ಭಯದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ರೂಢಿ. ಕೆಲಸ ಹೋದದ್ದು, ಶಾಲೆ ಮುಚ್ಚಿ ಮಕ್ಕಳ ಹೊಣೆ ಹೆಗಲೇರಿದ್ದು, ಹೆರಿಗೆ ಕೋಣೆಗೆ ಜೊತೆಗಾರರನ್ನು ಬಿಡದ ನಿಯಮ ಇವೂ ಅಷ್ಟೇ ತೂಕದ ಕಾರಣಗಳು. ಮೂವತ್ತೈದು ದಾಟಿದವರಿಗೆ, ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆ ಅರ್ಧಕ್ಕೆ ನಿಂತವರಿಗೆ ಕಾಯಿರಿ ಎನ್ನುವುದಂತೂ ಹೇಳಿದಷ್ಟು ಸುಲಭವಲ್ಲ.

ಬೇಡವೆಂದು ನಿರ್ಧರಿಸಿದರೂ ಗರ್ಭನಿರೋಧಕ ಸಾಧನ ಸಿಗಬೇಕಲ್ಲ? ಕೋವಿಡ್‌ನ ಮೊದಲ ವರ್ಷ 115 ದೇಶಗಳಲ್ಲಿ ಸುಮಾರು 1.2 ಕೋಟಿ ಮಹಿಳೆಯರಿಗೆ ಕುಟುಂಬ ಯೋಜನೆ ಸೇವೆಗೆ ಅಡಚಣೆಯಾಗಿ, 14 ಲಕ್ಷ ಅನಪೇಕ್ಷಿತ ಗರ್ಭಧಾರಣೆಗಳಾದವು ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2021ರಲ್ಲಿ ಅಂದಾಜಿಸಿತು.

ಗರ್ಭನಿರೋಧಕ ಮಾತ್ರೆಯನ್ನು ತಿಂಗಳ ಬದಲು ವರ್ಷಕ್ಕಾಗುವಷ್ಟು ಒಮ್ಮೆಲೇ ಕೊಡಬಹುದು. ಗರ್ಭ ತಡೆಯಲು ಮೂರು ತಿಂಗಳಿಗೊಮ್ಮೆ ಹಾಕುವ ಡಿಎಂಪಿಎ ಎಂಬ ಹಾರ್ಮೋನ್ ಚುಚ್ಚುಮದ್ದು ನಾಲ್ಕು ವಾರ ತಡವಾದರೂ ಹಾಕಿಸಿಕೊಳ್ಳಬಹುದು. ಅದೂ ಮೀರಿದರೆ ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡು ಹಾಕಿಸಿ, ನಂತರದ ಏಳು ದಿನ ಕಾಂಡೋಮ್ ಬಳಸಬೇಕು. ಫೋನಿನ ಸಲಹೆ ಒಳ್ಳೆಯದೇ. ಆದರೆ ಗಂಡ, ಅತ್ತೆ ಎಲ್ಲರೂ ಮನೆಯಲ್ಲೇ ಕೂತಿರುವಾಗ ಆಕೆ ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಹೌದು, ಅಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆಗಳನ್ನು ಆರೋಗ್ಯ ಸಿಬ್ಬಂದಿ ಸಿದ್ಧವಾಗಿಟ್ಟುಕೊಳ್ಳಲಿ.

ಮಗು ಬೇಕೆನ್ನುವವರು ಗರ್ಭಧಾರಣೆಗೆ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕು. ಕೋವಿಡ್ ಲಸಿಕೆಯಿಂದ ಬಂಜೆತನ ಬರುತ್ತದೆಂಬುದು ಗಾಳಿಮಾತು.

– ಕುಟುಂಬ ಯೋಜನೆ ಆಪ್ತಸಮಾಲೋಚಕರು