ಚಿರತೆ ಬೋನಿನ ಪಕ್ಕ ಬೀದಿ ಬೆಕ್ಕು

ಸಂಪಾದಕರೇ,

ಹೋದ ಭಾನುವಾರ ಮೊಮ್ಮಗಳ ಜೊತೆ ಮೃಗಾಲಯವೊಂದಕ್ಕೆ ಹೋಗಿದ್ದೆ. ಚಿರತೆ ಬೋನಿನ ಪಕ್ಕದಲ್ಲೇ ಬೀದಿ ಬೆಕ್ಕೊಂದು ಯಾರೋ ಎಸೆದ ಮಿರ್ಚಿ ಭಜಿ ನೆಕ್ಕುತ್ತಾ ಕೂತಿತ್ತು. ಮಕ್ಕಳಿಗೆ ಚಿರತೆಗಿಂತ ಅದನ್ನು ನೋಡಿಯೇ ಜಾಸ್ತಿ ಖುಷಿ! ನನಗೆ ಬನ್ನೇರುಘಟ್ಟ ನೆನಪಾಯಿತು. 2023ರಲ್ಲಿ ಅಲ್ಲಿ 7 ಚಿರತೆ ಮರಿಗಳು ಸತ್ತಿದ್ದು ಬೆಕ್ಕುಗಳಿಗೆ ಬರುವ ಪ್ಯಾನ್‌ಲ್ಯುಕೊಪೇನಿಯಾ ವೈರಸ್‌ನಿಂದ. ಲಸಿಕೆ ಹಾಕಿದ್ದರೂ ಉಳಿಯಲಿಲ್ಲ. ಈ ವೈರಸ್ ಗಟ್ಟಿ ಪಿಂಡ. ಚಪ್ಪಲಿ, ಬಕೆಟ್‌ಗೆ ಅಂಟಿಕೊಂಡೂ ತಿಂಗಳುಗಟ್ಟಲೆ ಇರುತ್ತದೆ. ಸುಮ್ನೆ ನೀರು ಹೊಡೆದರೆ ಹೋಗುವುದಿಲ್ಲ, ಬ್ಲೀಚಿಂಗ್ ನೀರೇ ಬೇಕು. ಬೋನಿನ ಬಾಗಿಲಲ್ಲಿ ಕಾಲು ಅದ್ದುವ ತೊಟ್ಟಿ, ಬೆಕ್ಕು ನುಸುಳದಂಥ ಸಣ್ಣ ಕಣ್ಣಿನ ಜಾಲರಿ, ಇಷ್ಟಕ್ಕೆ ಎಷ್ಟು ಖರ್ಚಾದೀತು? ಭಜಿ ಎಸೆಯುವುದನ್ನು ನಾವು ಬಿಟ್ಟರೆ ಬೆಕ್ಕು ಬರುವುದೂ ಕಡಿಮೆಯಾಗುತ್ತದೆ, ಅಲ್ವಾ?

– ಹಿರಿಯ ಓದುಗ, ಕಲಬುರಗಿ